ಮಳೆ ಲೆಕ್ಕವನ್ನು ಯಾಕೆ ನಂಬಬೇಕು?

2021ರ ಮೇ ತಿಂಗಳ ಮಧ್ಯದಲ್ಲಿ ತೌಕ್ತೆ ಚಂಡಮಾರುತ ಕರಾವಳಿಯನ್ನು ಸವರಿಕೊಂಡು ಉತ್ತರಕ್ಕೆ ಸಾಗಿತು. ಆಗ 24 ಗಂಟೆಗಳ ಅವಧಿಯಲ್ಲಿ ಇಡೀ ರಾಜ್ಯದಲ್ಲೇ ಅತಿ ಹೆಚ್ಚು ಮಳೆ ದಾಖಲಾದದ್ದು ಬೈಂದೂರು ತಾಲೂಕಿನ ನಾಡ ಗ್ರಾಮದಲ್ಲಿ: 385 ಮಿಲಿಮೀಟರ್. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿತ್ತೆಂದರೆ ಒಂದು ಲೀಟರ್ ನೀರು ಬಿತ್ತೆಂದು ಅರ್ಥ. ಆ ಲೆಕ್ಕದಲ್ಲಿ ಪ್ರತಿ ಸೆಂಟ್ಸ್ ಜಾಗದ ಮೇಲೆ ಒಂದೇ ದಿನ ಸುಮಾರು ಹದಿನೈದೂವರೆ ಸಾವಿರ ಲೀಟರ್ ನೀರು ಸುರಿದಿತ್ತು, ಅದೂ ಮುಂಗಾರು ಕಾಲಿಡುವ ಮೊದಲು. ಇಂಥ ಅಂಕಿ ಹೊರಬಿದ್ದಾಗಲೆಲ್ಲ ಎರಡು ಬಗೆಯ ಮಾತು ಕೇಳುತ್ತೇವೆ. ಹವಾಮಾನ ಬದಲಾಗಿದೆ ಎನ್ನುವುದಕ್ಕೆ ಇದೊಂದೇ ಸಾಕು ಎನ್ನುವವರು ಕೆಲವರು. ಮಳೆ ಹಿಂದೆಯೂ ಹೀಗೇ ಬರುತ್ತಿತ್ತು, ಅಂಕಿಗಳೆಲ್ಲ ಕಚೇರಿಯಲ್ಲಿ ಕೂತು ಬರೆದವು ಎನ್ನುವವರು ಇನ್ನು ಕೆಲವರು. ಈ ಅಂಕಿ ಹುಟ್ಟುವುದು ಎಲ್ಲಿ, ಅದನ್ನು ಅಳೆಯುವವರು ಯಾರು, ಸರಿಯಿದೆಯೇ ಎಂದು ನೋಡುವ ಬಗೆ ಯಾವುದು ಎಂದು ಇಬ್ಬರೂ ಕೇಳುವುದಿಲ್ಲ. ಕೇಳಿದರೆ ಈ ಕರಾವಳಿಯಲ್ಲಿ ಮಳೆ ಅಳೆದ ಇತಿಹಾಸವೇ ಒಳ್ಳೆಯ ಉತ್ತರ ಕೊಡುತ್ತದೆ. ಹವಾಮಾನದ ಅಂಕಿಗಳನ್ನು ನಂಬಬೇಕಾದದ್ದು ಅವುಗಳನ್ನು ಕೊಟ್ಟವರು ದೊಡ್ಡವರೆಂಬ ಕಾರಣಕ್ಕಲ್ಲ. ಅವುಗಳ ತಪ್ಪನ್ನು ಹುಡುಕಿ ಹಿಡಿಯಲು ದಾರಿ ಇದೆ, ಮತ್ತು ಆ ದಾರಿಯಲ್ಲಿ ನೂರೈವತ್ತು ವರ್ಷಗಳಿಂದ ಜನ ನಡೆದಿದ್ದಾರೆ ಎಂಬ ಕಾರಣಕ್ಕೆ.

ಮಾಪಕ ಬರುವ ಮೊದಲೂ ಇಲ್ಲಿ ಮಳೆಗೆ ಲೆಕ್ಕವಿತ್ತು. ಅಶ್ವಿನಿ, ಭರಣಿಯಿಂದ ಹಿಡಿದು ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ, ಮಖಾ ಎಂದು ಸ್ವಾತಿ, ವಿಶಾಖಾದವರೆಗೆ ಮಳೆಗಾಲವನ್ನು ಹದಿಮೂರು ಹದಿನಾಲ್ಕು ದಿನಗಳ ತುಂಡುಗಳಾಗಿ ಒಕ್ಕಲು ಮಕ್ಕಳು ಎಣಿಸುತ್ತಿದ್ದರು. ಬಿತ್ತನೆ, ನಾಟಿ, ಕೊಯ್ಲು ಎಲ್ಲ ಈ ಎಣಿಕೆಗೆ ಹೊಂದಿಕೊಂಡಿದ್ದವು. ನೀರು ನಿಲ್ಲುವ ಬೈಲು, ನಡುವಿನ ಮಜಲು, ಮಳೆಯನ್ನೇ ನಂಬಿದ ಬೆಟ್ಟು ಎಂದು ಗದ್ದೆಗಳನ್ನು ಮೂರಾಗಿ ವಿಂಗಡಿಸಿದ್ದೂ ತಲೆಮಾರುಗಳ ಮಳೆಯನ್ನು ಗಮನಿಸಿಯೇ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಅನ್ಯಾಯ, ಏಕೆಂದರೆ ಇದು ಕಣ್ಣಿಟ್ಟು ನೋಡಿ ಕಲಿತ ವಿದ್ಯೆ. ಆದರೆ ಅದು ಉಳಿಸಿಕೊಂಡದ್ದು ಮಳೆಯ ಹೊತ್ತನ್ನು, ಮಳೆಯ ಪ್ರಮಾಣವನ್ನಲ್ಲ. ಅಜ್ಜನ ಕಾಲದ ಆರಿದ್ರಾ ಮಳೆ ಮೊಮ್ಮಗನ ಕಾಲದ್ದಕ್ಕಿಂತ ಜೋರಾಗಿತ್ತೇ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಇನ್ನೊಂದು ಸಂಗತಿಯೂ ಇದೆ. ಮಳೆ ನಕ್ಷತ್ರಗಳು ತಾರೆಗಳನ್ನು ಆಧರಿಸಿದ ನಿರಯನ ಪಂಚಾಂಗವನ್ನು ಅನುಸರಿಸುವುದರಿಂದ ಅವು ಋತುಗಳಿಗೆ ಹೋಲಿಸಿದರೆ ಸುಮಾರು 72 ವರ್ಷಗಳಿಗೆ ಒಂದು ದಿನದಂತೆ ಮುಂದೆ ಸರಿಯುತ್ತಿವೆ. ಒಂದು ಸಾವಿರ ವರ್ಷದಲ್ಲಿ ಅದು ಎರಡು ವಾರ, ಅಂದರೆ ಒಂದು ಪೂರ್ತಿ ನಕ್ಷತ್ರದಷ್ಟಾಯಿತು. ಹಳೆಯ ಅನುಭವವನ್ನೂ ಆಗಾಗ ತಿದ್ದಿಕೊಂಡೇ ಬಳಸಬೇಕಾಗುತ್ತದೆ. ತಿದ್ದುಪಡಿ ಎಂಬುದು ವಿಜ್ಞಾನಿಗಳು ಹೊಸದಾಗಿ ತಂದ ರೂಢಿಯೇನಲ್ಲ.

ಮಳೆಯ ಪ್ರಮಾಣವನ್ನು ಬರೆದಿಡುವ ಪದ್ಧತಿ ಸರಕಾರದ ಕಡತಗಳ ಜೊತೆ ಬಂತು. 1799ರಲ್ಲಿ ಟಿಪ್ಪುವಿನ ಪತನದ ನಂತರ ಕೆನರಾ, ಅಂದರೆ ಈ ಕರಾವಳಿ ಸೀಮೆ, ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಹೋಯಿತು, ಥಾಮಸ್ ಮನ್ರೋ ಇಲ್ಲಿನ ಕಲೆಕ್ಟರನಾದ. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಸೇರಿತು, ಕುಂದಾಪುರ ತಾಲೂಕು ಮದ್ರಾಸಿನಲ್ಲೇ ಉಳಿಯಿತು. ಹೀಗೆ ಆಗ ಆ ತಾಲೂಕಿನಲ್ಲಿದ್ದ ಬೈಂದೂರು, ಶಿರೂರು 1956ರವರೆಗೂ ಗಡಿಯ ಊರುಗಳಾಗಿದ್ದವು. ಶಿರೂರಿನ ಮೇಲೆ ಸುರಿದ ಮೋಡ ಮದ್ರಾಸಿನ ಕಡತಕ್ಕೆ, ಅದೇ ಮೋಡ ಕೆಲವೇ ಮೈಲಿ ದಾಟಿ ಭಟ್ಕಳದಲ್ಲಿ ಸುರಿದರೆ ಮುಂಬಯಿ ಕಡತಕ್ಕೆ. ಪ್ರಾಂತ್ಯಗಳು ತಮ್ಮ ತಮ್ಮ ರೀತಿಯಲ್ಲಿ ಅಳೆಯುತ್ತಿದ್ದಷ್ಟು ದಿನ ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡುವುದರಲ್ಲಿ ಹೆಚ್ಚು ಅರ್ಥವಿರಲಿಲ್ಲ. 1875ರಲ್ಲಿ ಭಾರತೀಯ ಹವಾಮಾನ ಇಲಾಖೆ ಹುಟ್ಟಿ, ಹೆನ್ರಿ ಬ್ಲಾನ್‌ಫೋರ್ಡ್ ಅದರ ಮೊದಲ ಮುಖ್ಯಸ್ಥನಾದಾಗ ಮಾಡಿದ ಬಹು ದೊಡ್ಡ ಕೆಲಸವೆಂದರೆ ದೇಶಕ್ಕೆಲ್ಲ ಒಂದೇ ಅಳತೆಯ ಕ್ರಮವನ್ನು ತಂದದ್ದು. ಅದರ ಮರುವರ್ಷವೇ ಶುರುವಾದ 1876–78ರ ಭೀಕರ ಕ್ಷಾಮ ಮಳೆಯ ಲೆಕ್ಕಕ್ಕೂ ಜನರ ಜೀವಕ್ಕೂ ಇರುವ ನಂಟನ್ನು ಎಲ್ಲರ ಕಣ್ಣಿಗೆ ಕಾಣಿಸಿತು. ಅಲ್ಲಿಯವರೆಗೆ ಚದುರಿದ್ದ ಅಂಕಿಗಳು ಒಂದಕ್ಕೊಂದು ಹೋಲಿಸಿ ನೋಡಬಹುದಾದ ದಾಖಲೆಗಳಾದದ್ದು ಇಲ್ಲಿಂದ ಮುಂದೆ.

ಈ ಕ್ರಮ ಎಷ್ಟು ಸರಳ, ಎಷ್ಟು ಕಟ್ಟುನಿಟ್ಟು ಎಂಬುದನ್ನು ಹತ್ತಿರದಿಂದ ನೋಡಬೇಕು. ಮೇಲೊಂದು ಆಲಿಕೆ, ಒಳಗೊಂದು ಬಾಟಲಿ, ಜೊತೆಗೆ ಗೆರೆ ಹಾಕಿದ ಗಾಜಿನ ಅಳತೆ ಪಾತ್ರೆ. ನೆಲದ ಹನಿ ಸಿಡಿದು ಒಳಗೆ ಬೀಳದಂತೆ ಮಾಪಕದ ಅಂಚು ನೆಲದಿಂದ ಸುಮಾರು 30 ಸೆಂಟಿಮೀಟರ್ ಎತ್ತರದಲ್ಲಿರಬೇಕು. ಹತ್ತಿರದ ಮರವೋ ಕಟ್ಟಡವೋ ತನ್ನ ಎತ್ತರದ ಎರಡು ಪಟ್ಟಾದರೂ ದೂರವಿರಬೇಕು. ಬೆಳಿಗ್ಗೆ ಎಂಟೂವರೆಗೆ ನೀರನ್ನು ಅಳೆದು ಬರೆಯಬೇಕು. ಹೀಗಾಗಿ 15ನೇ ತಾರೀಕು ಬೆಳಿಗ್ಗೆ ಒಂಬತ್ತಕ್ಕೆ ಬಿದ್ದ ಮಳೆ 16ರ ಲೆಕ್ಕಕ್ಕೆ ಹೋಗುತ್ತದೆ. ನಿನ್ನೆ ಇಡೀ ದಿನ ಸುರಿದರೂ ಪೇಪರಿನಲ್ಲಿ ಮಳೆಯೇ ಇಲ್ಲ ಎಂದು ಬಂದಿದೆ ಎಂಬ ದೂರುಗಳಲ್ಲಿ ಎಷ್ಟೋ ಈ ಒಂದು ನಿಯಮ ತಿಳಿದರೆ ಕರಗಿಹೋಗುತ್ತವೆ. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ನಮ್ಮ ಕಡೆ ಇನ್ನೊಂದು ಕಷ್ಟವಿದೆ. ಆಷಾಢದ ಜಡಿಮಳೆಗೆ ಬಾಟಲಿ ತುಂಬಿ ಹರಿದರೆ ಲೆಕ್ಕ ಕಡಿಮೆಯಾಗುತ್ತದೆ. ಅಂಥ ದಿನ ನಡುವೆಯೇ ಅಳೆದು ಖಾಲಿ ಮಾಡಬೇಕು. ಗುಮಾಸ್ತನೊಬ್ಬ ನೆನೆಯುವುದಕ್ಕೆ ಬೇಸರಪಟ್ಟರೆ ಅಂಕಿ ತಪ್ಪುವುದು ಖಂಡಿತ. ಆದರೆ ತಪ್ಪು ಯಾವ ಕಡೆಗೆ ವಾಲುತ್ತದೆ ಎಂಬುದೂ ಇಲ್ಲಿ ಗೊತ್ತಿದೆ: ತುಂಬಿ ಹರಿದ ಬಾಟಲಿ ಮಳೆಯನ್ನು ಕಡಿಮೆ ತೋರಿಸಬಲ್ಲದೇ ಹೊರತು ಹೆಚ್ಚಲ್ಲ. ತಪ್ಪಿನ ಸ್ವಭಾವ ತಿಳಿದಿರುವ ದಾಖಲೆ ಉಪಯೋಗಕ್ಕೆ ಬರುವ ದಾಖಲೆ.

ಇಷ್ಟಾದರೂ ಅಳೆದದ್ದು ಸರಕಾರ, ಮೊದಲು ಕಂದಾಯಕ್ಕಾಗಿ, ಆಮೇಲೆ ತನ್ನ ಅನುಕೂಲಕ್ಕಾಗಿ. ಅದನ್ನು ನಂಬುವುದು ಹೇಗೆ ಎಂಬ ಆಕ್ಷೇಪ ಉಳಿಯುತ್ತದೆ. ಆಕ್ಷೇಪದಲ್ಲಿ ತೂಕವಿದೆ. ಅಳೆಯುವವನ ಹಿತಾಸಕ್ತಿಯನ್ನು ವಿಚಾರಿಸುವುದು ಒಳ್ಳೆಯ ಅಭ್ಯಾಸ. ಆದರೆ ಮಳೆಯನ್ನು ಸರಕಾರ ಒಂದೇ ಅಳೆಯಲಿಲ್ಲ. ಘಟ್ಟದ ಮೇಲೆ ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಲ್ಲಿ ತಲೆಮಾರುಗಳಿಂದ ಇಂಚು ಮತ್ತು ಇಂಚಿನ ನೂರನೇ ಒಂದು ಭಾಗವಾದ ಸೆಂಟುಗಳಲ್ಲಿ ಬರೆದಿಟ್ಟ ಖಾಸಗಿ ಮಳೆ ಪುಸ್ತಕಗಳಿವೆ. ಹೂಮಳೆ ಯಾವತ್ತು ಎಷ್ಟು ಬಂತು ಎಂಬುದರ ಮೇಲೆ ಬೆಳೆಗಾರನ ವರ್ಷವೇ ನಿಂತಿರುವಾಗ ತನಗೆ ತಾನೇ ಸುಳ್ಳು ಬರೆದುಕೊಳ್ಳಲು ಅವನಿಗೆ ಕಾರಣವಿಲ್ಲ. ಸರಕಾರಿ ಅಂಕಿಯೊಂದು ಪಕ್ಕದ ಊರುಗಳ ಅಂಕಿಗಳಿಗೆ, ಹೊಳೆಯ ಮಟ್ಟಕ್ಕೆ, ಇಂಥ ಪುಸ್ತಕಗಳಿಗೆ ಹೊಂದುತ್ತದೆಯೇ ಎಂದು ನೋಡಬಹುದು. ಆಗುಂಬೆಯೋ ಹುಲಿಕಲ್ಲೋ, ಖಾನಾಪುರ ತಾಲೂಕಿನ ಆಮಗಾಂವೋ, ದಕ್ಷಿಣದ ಚಿರಾಪುಂಜಿ ಯಾವುದು ಎಂದು ನಮ್ಮ ಪತ್ರಿಕೆಗಳಲ್ಲಿ ನಡೆದ ವಾದವೇ ಇದಕ್ಕೆ ಉದಾಹರಣೆ. ಪಟ್ಟ ಒಂದು ಊರಿನಿಂದ ಇನ್ನೊಂದಕ್ಕೆ ಹೋದದ್ದು ಹೊಸ ಜಾಗಗಳಲ್ಲಿ ಮಾಪಕ ಇಟ್ಟದ್ದರಿಂದ. ಹಳೆಯ ಅಂಕಿ ಸುಳ್ಳೆಂದು ಯಾರೂ ಹೇಳಲಿಲ್ಲ. ಅಳೆಯದೆ ಬಿಟ್ಟ ಊರುಗಳು ಲೆಕ್ಕಕ್ಕೆ ಬಂದವು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ ದನಿಯದ್ದು: ವಿಜ್ಞಾನಿಗಳು ಮೂಲ ಅಂಕಿಗಳನ್ನು ತಿದ್ದುತ್ತಾರೆ. ಹೌದು, ತಿದ್ದುತ್ತಾರೆ. ನೂರು ವರ್ಷದಲ್ಲಿ ತಾಲೂಕು ಕಚೇರಿ ಹೊಸ ಕಟ್ಟಡಕ್ಕೆ ಹೋಗುತ್ತದೆ, ಮಾಪಕದ ಪಕ್ಕ ನೆಟ್ಟ ಸಸಿ ಮರವಾಗುತ್ತದೆ, ಇಂಚು ಹೋಗಿ ಮಿಲಿಮೀಟರ್ ಬರುತ್ತದೆ, ಕೈಯಲ್ಲಿ ಅಳೆಯುವ ಬದಲು ಯಂತ್ರ ಅಳೆಯುತ್ತದೆ. ಇವನ್ನು ಲೆಕ್ಕಿಸದೆ ಹಳೆಯದನ್ನೂ ಹೊಸದನ್ನೂ ಹಾಗೆಯೇ ಹೋಲಿಸುವುದೇ ನಿಜವಾದ ಮೋಸ. ಪುಣೆಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯ ಪಾರ್ಥಸಾರಥಿ, ಮೂಲೆ ಮತ್ತು ಸಂಗಡಿಗರು 1871ರಿಂದೀಚಿನ ಮುಂಗಾರಿನ ಸರಣಿಯನ್ನು ಕಟ್ಟುವಾಗ ದೇಶದ ಉದ್ದಗಲಕ್ಕೆ ಹರಡಿದ 306 ಕೇಂದ್ರಗಳನ್ನು ಆರಿಸಿಕೊಂಡರು. ಆರಂಭದಲ್ಲಿ ಕೇಂದ್ರಗಳು ಕಡಿಮೆ, ಈಗ ಬಹಳ. ಸಿಕ್ಕಿದ್ದನ್ನೆಲ್ಲ ಕೂಡಿಸಿದರೆ ಬದಲಾದದ್ದು ಮಳೆಯೋ ಮಾಪಕಗಳ ಸಂಖ್ಯೆಯೋ ತಿಳಿಯುತ್ತಿರಲಿಲ್ಲ. ಮುಂದೆ ಹವಾಮಾನ ಇಲಾಖೆ ಬೇರೆ ವಿಧಾನದಲ್ಲಿ, 6,955 ಕೇಂದ್ರಗಳ ದಿನದಿನದ ಅಂಕಿಗಳಿಂದ 1901ರಿಂದೀಚಿನ ಇನ್ನೊಂದು ಸರಣಿಯನ್ನು ಕಟ್ಟಿತು. ಪ್ರಾಮಾಣಿಕ ತಿದ್ದುಪಡಿಗೂ ತಿರುಚುವಿಕೆಗೂ ಇರುವ ವ್ಯತ್ಯಾಸ ಸ್ಪಷ್ಟವಾಗಿದೆ: ತಿದ್ದಿದವನು ಏನನ್ನು, ಯಾಕೆ, ಹೇಗೆ ತಿದ್ದಿದೆನೆಂದು ಬರೆದಿಡುತ್ತಾನೆ, ಮೂಲವನ್ನು ಉಳಿಸುತ್ತಾನೆ. ತಿರುಚಿದವನು ಎರಡನ್ನೂ ಮಾಡುವುದಿಲ್ಲ.

ನಾಳಿನ ಮಳೆಯನ್ನೇ ಸರಿಯಾಗಿ ಹೇಳಲಾರದವರು ಐವತ್ತು ವರ್ಷದ ಮಾತಾಡುತ್ತಾರೆ ಎಂಬುದು ಮೂರನೆಯ ಆಕ್ಷೇಪ. ಮುನ್ಸೂಚನೆಯ ಸೋಲುಗಳನ್ನು ಮುಚ್ಚಿಡುವ ಅಗತ್ಯವಿಲ್ಲ. 1899ರಲ್ಲಿ ಒಳ್ಳೆಯ ಮಳೆಯ ಭರವಸೆ ಕೊಟ್ಟಿದ್ದಾಗಲೇ ಘೋರ ಬರ ಬಂತು. 2002ರಲ್ಲಿ ಮುಂಗಾರು ವಾಡಿಕೆಯಂತೆ ಇರುತ್ತದೆ ಎಂದಿದ್ದರು, ಶೇಕಡಾ 19ರಷ್ಟು ಕೊರತೆಯಾಯಿತು. ಇಲಾಖೆ ತನ್ನ ಆ ಲೆಕ್ಕಾಚಾರದ ಮಾದರಿಯನ್ನೇ ಬಿಟ್ಟು ಹೊಸದನ್ನು ತಂದಿತು. ಆದರೆ ಈ ಸೋಲು ನಮಗೆ ಗೊತ್ತಾದದ್ದು ಹೇಗೆ? ಮಾಪಕಗಳ ದಾಖಲೆಯಿಂದ. ಮುನ್ಸೂಚನೆ ತಪ್ಪಾಯಿತು ಎಂದು ಹೇಳುವವನು, ಬಿದ್ದ ಮಳೆಯ ಅಂಕಿಯನ್ನು ನಂಬಿಯೇ ಹಾಗೆ ಹೇಳುತ್ತಾನೆ. 1899ರ ಸೋಲಿನ ನಂತರ, 1904ರಲ್ಲಿ ಇಲಾಖೆಗೆ ಬಂದ ಗಣಿತಜ್ಞ ಗಿಲ್ಬರ್ಟ್ ವಾಕರ್ ಜಗತ್ತಿನ ನಾನಾ ಕಡೆಯ ಅಂಕಿಗಳನ್ನು ಹೋಲಿಸುತ್ತ ಕೂತು, ಪೆಸಿಫಿಕ್ ಮತ್ತು ಹಿಂದೂ ಮಹಾಸಾಗರಗಳ ವಾಯುಭಾರ ಒಂದು ಕಡೆ ಏರಿದಾಗ ಇನ್ನೊಂದು ಕಡೆ ಇಳಿಯುವುದನ್ನು ಗುರುತಿಸಿದ. ಈ ಏರಿಳಿತಕ್ಕೆ ಹೆಣೆದುಕೊಂಡಿರುವ ಎಲ್ ನಿನೋದ ವರ್ಷವೆಂದರೆ ಇಂದು ನಮ್ಮ ರೈತರೂ ಎಚ್ಚರವಾಗುವುದು ಆ ಕೆಲಸದ ಫಲ. ಜೊತೆಗೆ, ನಾಳೆ ಬೈಂದೂರಿನಲ್ಲಿ ಎಷ್ಟು ಮಳೆ ಎಂಬುದೂ, ಮೂವತ್ತು ವರ್ಷಗಳಲ್ಲಿ ಜೋರು ಮಳೆಯ ದಿನಗಳು ಹೆಚ್ಚಿದವೇ ಎಂಬುದೂ ಬೇರೆ ಬೇರೆ ಪ್ರಶ್ನೆಗಳು. ಎರಡನೆಯದಕ್ಕೆ ಉತ್ತರ ಕಡತದಲ್ಲಿ ಈಗಾಗಲೇ ಇದೆ, ಎಣಿಸಬೇಕು ಅಷ್ಟೇ.

ಹಾಗೆ ಎಣಿಸಿದವರಲ್ಲಿ ಬಿ.ಎನ್. ಗೋಸ್ವಾಮಿ ಮತ್ತು ಸಂಗಡಿಗರ 2006ರ ಅಧ್ಯಯನ ಮುಖ್ಯವಾದದ್ದು. ಮಧ್ಯ ಭಾರತದಲ್ಲಿ 1951ರಿಂದ 2000ದವರೆಗೆ ಒಂದೇ ದಿನ 100 ಮಿಲಿಮೀಟರ್ ದಾಟುವ ಮಳೆ ಹೆಚ್ಚಿದೆ, ಸಾಧಾರಣ ಮಳೆ ಕಡಿಮೆಯಾಗಿದೆ, ಹಾಗಾಗಿ ಋತುವಿನ ಒಟ್ಟು ಮಳೆ ಮಾತ್ರ ಹೆಚ್ಚುಕಡಿಮೆ ಮೊದಲಿನಷ್ಟೇ ಇದೆ ಎಂದು ಅವರು ತೋರಿಸಿದರು. ಮಳೆ ಹಿಂದಿನಷ್ಟೇ ಇದೆ ಎನ್ನುವ ಹಿರಿಯರೂ, ಮಳೆಯ ಗುಣ ಬದಲಾಗಿದೆ ಎನ್ನುವವರೂ ಒಟ್ಟಿಗೇ ಸರಿಯಿರಬಹುದು ಎಂಬುದನ್ನು ದಿನದಿನದ ದಾಖಲೆಯೊಂದೇ ತೋರಿಸಬಲ್ಲದು. ಅದೇ ಶಿಸ್ತು ಆ ಮಾತನ್ನು ಮಧ್ಯ ಭಾರತದಿಂದ ಎತ್ತಿ ಕರಾವಳಿಗೆ ಹಾಗೆಯೇ ಅಂಟಿಸಬಾರದೆಂದೂ ಹೇಳುತ್ತದೆ. ನಮ್ಮ ಕರಾವಳಿಯ ಮರವಂತೆಯ ಕಡಲ್ಕೊರೆತದ ಮಾತಿಗೂ ಇದೇ ಶಿಸ್ತು ಅನ್ವಯಿಸುತ್ತದೆ. ಸಮುದ್ರದ ಮಟ್ಟ ಅಳೆಯುವ ಮುಂಬಯಿಯ ಭರತ ಮಾಪಕದ ದಾಖಲೆ 1878ರಿಂದ ಇದೆ. ಅಂಥ ದೀರ್ಘ ದಾಖಲೆಗಳಿಂದ ಉತ್ತರ ಹಿಂದೂ ಮಹಾಸಾಗರದ ಮಟ್ಟ ಕಳೆದ ಶತಮಾನದಲ್ಲಿ ವರ್ಷಕ್ಕೆ ಸುಮಾರು 1.3 ಮಿಲಿಮೀಟರಿನಂತೆ ಏರಿತೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಏರಿಕೆ ನಿಜ. ಆದರೆ ಒಂದು ಮಳೆಗಾಲದಲ್ಲಿ ತೀರ ಮೀಟರ್‌ಗಟ್ಟಲೆ ಕೊಚ್ಚಿಹೋದರೆ ಅಲೆಯ ಹೊಡೆತ, ಹೊಳೆಬಾಯಿಯ ಹೊಯ್ಗೆಯ ಚಲನೆ, ಅಕ್ಕಪಕ್ಕ ಕಟ್ಟಿದ ತಡೆಗೋಡೆ, ಬಂದರುಗಳನ್ನೂ ವಿಚಾರಿಸಬೇಕು. ಒಳ್ಳೆಯ ಅಂಕಿ ಅಲ್ಲಗಳೆಯುವವನ ಬಾಯಿಯನ್ನಷ್ಟೇ ಕಟ್ಟುವುದಿಲ್ಲ. ಅತಿಯಾಗಿ ಹೇಳುವವನನ್ನೂ ತಡೆಯುತ್ತದೆ.

ಈಗ ಮಳೆಯ ಅಂಕಿ ನೇರವಾಗಿ ಹಣದ ಮಾತಾಗಿದೆ. 1988ರಲ್ಲಿ ಬರ ನಿಗಾ ಘಟಕವಾಗಿ ಶುರುವಾದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇಂದು ಗ್ರಾಮ ಪಂಚಾಯತಿಗೊಂದರಂತೆ ಸುಮಾರು 6,500 ಸ್ವಯಂಚಾಲಿತ ಮಳೆಮಾಪಕಗಳಿಂದ ಹದಿನೈದು ನಿಮಿಷಕ್ಕೊಮ್ಮೆ ಅಂಕಿ ಪಡೆಯುತ್ತದೆ. ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ಬೆಳೆ ವಿಮೆಯ ಪರಿಹಾರ ಇಂಥ ಅಂಕಿಗಳ ಮೇಲೆ ನಿಂತಿದೆ. ಮಾಪಕ ಕೆಟ್ಟಿದೆ, ನಮ್ಮೂರಿನ ಮಳೆ ಲೆಕ್ಕಕ್ಕೇ ಬಂದಿಲ್ಲ ಎಂಬ ಬೆಳೆಗಾರರ ದೂರು ಕರಾವಳಿ, ಮಲೆನಾಡಿನ ಜಿಲ್ಲೆಗಳಲ್ಲಿ ಮತ್ತೆ ಮತ್ತೆ ಎದ್ದಿದೆ. ಈ ಅನುಮಾನವನ್ನು ವಿಜ್ಞಾನ ವಿರೋಧಿ ಎಂದು ಕರೆಯುವುದು ದೊಡ್ಡ ತಪ್ಪು. ಯಾವ ಮಾಪಕ, ಎಂದಿನಿಂದ ಕೆಟ್ಟಿತ್ತು, ಯಾರು ಪರಿಶೀಲಿಸಿದರು, ಕೆಟ್ಟ ದಿನಗಳಿಗೆ ಯಾವ ಊರಿನ ಅಂಕಿ ಬಳಸಿದರು ಎಂದು ಅದು ಕೇಳುತ್ತದೆ. ಬ್ಲಾನ್‌ಫೋರ್ಡ್ ಕೇಳಿದ್ದೂ, ಪಾರ್ಥಸಾರಥಿ ಕೇಳಿದ್ದೂ ಇದನ್ನೇ. ಉತ್ತರ ಸಿಕ್ಕರೆ ಒಪ್ಪಲು ಸಿದ್ಧವಿರುವ ಅನುಮಾನ ಲೆಕ್ಕವನ್ನು ಗಟ್ಟಿ ಮಾಡುತ್ತದೆ. ಯಾವ ಉತ್ತರ ಬಂದರೂ ಒಪ್ಪದೆ, ಎಲ್ಲ ಅಂಕಿಯೂ ಸುಳ್ಳೆಂದು ಮೊದಲೇ ತೀರ್ಮಾನಿಸಿದ ಅನುಮಾನ ಆ ಬೆಳೆಗಾರನ ಕೈಯಲ್ಲಿರುವ ಒಂದೇ ಸಾಕ್ಷಿಯನ್ನೂ ಕಿತ್ತುಕೊಳ್ಳುತ್ತದೆ. ಅಂಕಿಯೇ ಸುಳ್ಳಾದರೆ ಪರಿಹಾರ ಕೇಳುವುದು ಯಾವ ಆಧಾರದ ಮೇಲೆ?

2022ರ ಆಗಸ್ಟ್ 2ರಂದು ಭಟ್ಕಳದಲ್ಲಿ ದಿನದ ಮಳೆ ಅರ್ಧ ಮೀಟರ್ ದಾಟಿತು, ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ನಾಲ್ವರು ತೀರಿಕೊಂಡರು, ಶಿರೂರಿನಲ್ಲಿ ಮನೆಗಳಿಗೆ ನೀರು ನುಗ್ಗಿ ದೋಣಿಗಳು ಕೊಚ್ಚಿಹೋದವು. ಇಂಥ ದಿನಗಳಿಗೆ ಸೇತುವೆಯ ಎತ್ತರ, ಚರಂಡಿಯ ಅಗಲ, ಮನೆ ಕಟ್ಟುವ ಜಾಗ ಎಲ್ಲ ನಿರ್ಧಾರವಾಗಬೇಕಾದದ್ದು ಹಿಂದಿನ ಮಳೆಯ ಲೆಕ್ಕದಿಂದ. ಆದ್ದರಿಂದ ಪ್ರತಿ ಪಂಚಾಯತಿಯ ಮಾಪಕದ ಅಂಕಿ, ಅದು ಕೆಟ್ಟ ಮತ್ತು ದುರಸ್ತಿಯಾದ ದಿನಾಂಕಗಳ ಸಮೇತ, ಆ ಪಂಚಾಯತಿಯ ಕಚೇರಿಯಲ್ಲೇ ಕನ್ನಡದಲ್ಲಿ ಎಲ್ಲರಿಗೂ ನೋಡಲು ಸಿಗಬೇಕು. ಊರಿನ ಶಾಲೆಯೊಂದು ಸಾದಾ ಮಾಪಕ ಇಟ್ಟು ಅದಕ್ಕೆ ತಾಳೆ ನೋಡುವಂತಾಗಬೇಕು. ಹವಾಮಾನ ವಿಜ್ಞಾನದ ಮೇಲಿನ ನಂಬಿಕೆ ಉಪದೇಶದಿಂದ ಬರುವುದಿಲ್ಲ. ಅಳೆಯುವ ಕೆಲಸದಲ್ಲಿ ಊರೂ ಪಾಲು ಪಡೆದಾಗ, ತಪ್ಪನ್ನು ತೋರಿಸುವ ಹಕ್ಕೂ ಸರಿಯನ್ನು ಒಪ್ಪುವ ಹೊಣೆಯೂ ಊರಿನದ್ದೇ ಆದಾಗ, ಅದು ತಾನಾಗಿ ಬರುತ್ತದೆ.