ಕನ್ನಡದ ಮೊದಲ ವೃತ್ತಪತ್ರಿಕೆ

ಕುಂದಾಪುರ, ಬೈಂದೂರು, ಬ್ರಹ್ಮಾವರಗಳು ಮದರಾಸು ಆಧಿಪತ್ಯದ ಕೆನರಾ ಜಿಲ್ಲೆಗೆ ಸೇರಿದ್ದ ಕಾಲವದು. ಮಂಗಳೂರಿನಿಂದ ಬಡಗಣಕ್ಕೆ ಹೊರಟವನು ಕಲ್ಯಾಣಪುರದಲ್ಲಿ ಸ್ವರ್ಣೆಯನ್ನು ದಾಟಿ ಬ್ರಹ್ಮಾವರವನ್ನು ಸೇರಬೇಕು. ಮಾಬುಕಳದಲ್ಲಿ ಸೀತಾನದಿಯನ್ನು ದಾಟಿ ಕುಂದಾಪುರಕ್ಕೆ ನಡೆಯಬೇಕು. ಬೈಂದೂರಿಗಾದರೆ ಪಂಚಗಂಗಾವಳಿಯನ್ನೂ ಕಳೆಯಬೇಕು. ಒಂದೊಂದು ಕಡವನ್ನು ದಾಟಿದಂತೆ ಸುದ್ದಿಯೂ ಬಾಯಿಂದ ಬಾಯಿಗೆ ಬೆಳೆಯುತ್ತಿದ್ದಿತು. 1837ರಲ್ಲಿ ಕಲ್ಯಾಣಪ್ಪನ ದಂಡು ಮಂಗಳೂರನ್ನು ಕೆಲವು ದಿನ ವಶಪಡಿಸಿಕೊಂಡಿದ್ದಾಗ ನಿಜವಾವುದು, ಗಾಳಿಮಾತಾವುದು ಎಂದು ತಿಳಿಸುವ ಕನ್ನಡ ಪತ್ರಿಕೆಯೊಂದೂ ಇರಲಿಲ್ಲ.

ಈ ಕೊರತೆಯನ್ನು ನೀಗಲು ಮುಂದಾದವರು ಪರದೇಶದವರೊಬ್ಬರು. 1811ರಲ್ಲಿ ಜರ್ಮನಿಯಲ್ಲಿ ಜನಿಸಿ, 1836ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಮಂಗಳೂರಿಗೆ ಬಂದ ಹರ್ಮನ್ ಮೋಗ್ಲಿಂಗರು 1843ನೆಯ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ಪುಟಗಳು ನಾಲ್ಕು, ಪ್ರಕಟಣೆ ಪಕ್ಷಕ್ಕೊಮ್ಮೆ, ಬೆಲೆ ಒಂದು ದುಡ್ಡು. ಊರ ವರ್ತಮಾನ, ಸರ್ಕಾರದ ನಿರೂಪ, ದೇಶಾಂತರದ ಸಂಗತಿ, ಕಥೆ, ಹಾಡುಗಳಿಗೆ ಅದರಲ್ಲಿ ಸ್ಥಳವಿದ್ದಿತು.

ಮಿಷನ್ನಿನ ಅಚ್ಚುಕೂಟದಲ್ಲಿ ಆಗ ಅಚ್ಚಿನ ಮೊಳೆಗಳಿರಲಿಲ್ಲ, ಇದ್ದುದು ಕಲ್ಲಚ್ಚು. ಜಿಡ್ಡುಮಸಿಯಿಂದ ಕೈಯಲ್ಲಿ ಬರೆದುದನ್ನು ನುಣುಪುಗಲ್ಲಿನ ಮೇಲೆ ಮೂಡಿಸಿ, ಕಲ್ಲನ್ನು ನೀರಿನಿಂದ ತೋಯಿಸಿ, ಮಸಿ ಸವರಿ ಹಾಳೆಯನ್ನೊತ್ತುವರು. ನೀರು ಹಿಡಿದ ಭಾಗವು ಮಸಿಯನ್ನು ಒಲ್ಲದು, ಜಿಡ್ಡಿನ ಅಕ್ಷರವು ಬಿಡದು. ಆದುದರಿಂದ ಕನ್ನಡದ ಮೊದಲ ಪತ್ರಿಕೆಯು ಒಬ್ಬ ಲಿಪಿಕಾರನ ಕೈಬರಹವನ್ನೇ ಹೊತ್ತು ಓದುಗರಿದ್ದೆಡೆಗೆ ಹೋಯಿತು.

ಮಂಗಳೂರಿನಲ್ಲಿ ಅದು ಪೂರ್ಣ ಒಂದು ವರ್ಷವೂ ನಿಲ್ಲಲಿಲ್ಲ. 1844ರಲ್ಲಿ, ಮೊಳೆಯಚ್ಚಿನ ಅನುಕೂಲವಿದ್ದ ಬಳ್ಳಾರಿಗೆ ತೆರಳಿ, ‘ಕನ್ನಡ ಸಮಾಚಾರ’ವೆಂಬ ಹೆಸರನ್ನು ತಳೆಯಿತು. ಒಂದು ಊರಿನ ಹೆಸರನ್ನು ಕಳಚಿ ಒಂದು ನುಡಿಯ ಹೆಸರನ್ನು ಧರಿಸಿದುದು ಅಲ್ಪ ಸಂಗತಿಯಲ್ಲ. ತಾಲ್ಲೂಕು, ಜಿಲ್ಲೆಗಳ ಗಡಿಯನ್ನು ಮೀರಿದ ಕನ್ನಡಿಗರ ಬಳಗವೊಂದುಂಟೆಂಬ ಭಾವವು ಅದರಲ್ಲಿ ಅಡಗಿದೆ.

ಮೋಗ್ಲಿಂಗರು ಬಂದುದು ತಮ್ಮ ಮತವನ್ನು ಸಾರಲು. ಇದನ್ನು ಮರೆಯಲಾಗದು, ಮರೆಮಾಚಲೂ ಬೇಕಿಲ್ಲ. ಆದರೆ ಅವರೇ ಮುಂದೆ ಕನ್ನಡದ ಪ್ರಾಚೀನ ಕೃತಿಗಳ ಮಾಲೆಯೊಂದನ್ನು ಕೈಗೊಂಡು, ಓಲೆಗರಿಗಳಲ್ಲಿದ್ದ ಬಸವಪುರಾಣವನ್ನು 1850ರಲ್ಲಿ ಅಚ್ಚಿಗೆ ತಂದರು. ನಮ್ಮ ಸಿರಿಯನ್ನು ನಾವು ಅಚ್ಚಿಗೆ ಕೊಡುವುದಕ್ಕೆ ಮುಂಚೆ ಅನ್ಯರು ಕೊಟ್ಟರೆಂಬುದು ಕೃತಜ್ಞತೆಗೂ ಆತ್ಮಪರೀಕ್ಷೆಗೂ ವಿಷಯವಾಗಿದೆ.

ಜುಲೈ 1 ಇಂದು ಕರ್ನಾಟಕದಲ್ಲಿ ಪತ್ರಿಕಾದಿನವಾಗಿ ಆಚರಣೆಯಲ್ಲಿದೆ. ಸ್ವರ್ಣಾ, ಸೀತೆಯರಿಗೆ ಸೇತುವೆಗಳಾಗಿವೆ. ಸುದ್ದಿಗೆ ದೋಣಿಯ ಹಂಗಿಲ್ಲ. ಗಾಳಿಮಾತು ಮಾತ್ರ ಇಂದಿಗೂ ಅಳಿದಿಲ್ಲ. ಕೇಳಿದುದನ್ನು ಒರೆಗೆ ಹಚ್ಚಿ, ದಿಟವಾದುದನ್ನಷ್ಟೇ ಮತ್ತೊಬ್ಬರಿಗೆ ನುಡಿಯುವುದೇ ಆ ನಾಲ್ಕು ಪುಟಗಳಿಗೆ ನಾವು ಸಲ್ಲಿಸತಕ್ಕ ಋಣವು.