ಅಲಂಕಾರಿಕ ಮೀನು ಮತ್ತು ಪಂಜರದ ಹಕ್ಕಿ ಸಾಕಣೆ

ಚೆಂದಕ್ಕಾಗಿ, ಜೊತೆಗಾಗಿ ಮೀನು ಹಾಗೂ ಹಕ್ಕಿಗಳನ್ನು ಮನೆಯಲ್ಲಿ ಸಾಕುವ ಹವ್ಯಾಸ. ಚೀನಾದಲ್ಲಿ ಸೊಂಗ್ ಅರಸರ ಕಾಲದಲ್ಲಿ (960–1279) ಚಿನ್ನದ ಮೀನನ್ನು ಕೊಳಗಳಲ್ಲಿ ಸಾಕುತ್ತಿದ್ದರು; ಮಿಂಗ್ ಕಾಲಕ್ಕೆ ಅದು ತೊಟ್ಟಿ ಸೇರಿ ಮನೆಯೊಳಗೆ ಬಂತು. ಅಲ್ಲಿ ಮೀನನ್ನು ಮೇಲಿನಿಂದಷ್ಟೇ ನೋಡಬಹುದಿತ್ತು. ಕವಲುಬಾಲ, ಉಬ್ಬುಗಣ್ಣಿನ ತಳಿಗಳು ಮೆಚ್ಚುಗೆ ಪಡೆಯಲು ಇದೂ ಕಾರಣವಿರಬೇಕು.

ಪಕ್ಕದಿಂದಲೂ ಮೀನು ಕಾಣುವ ಗಾಜಿನ ತೊಟ್ಟಿಗೆ ದೊಡ್ಡ ತೊಡಕು ನೀರು ಕೆಡುವುದು. 1850ರ ಸುಮಾರಿಗೆ ಲಂಡನ್ನಿನ ರಸಾಯನವಿಜ್ಞಾನಿ ರಾಬರ್ಟ್ ವಾರಿಂಗ್ಟನ್ ಚಿನ್ನದ ಮೀನಿನ ಜೊತೆ ವ್ಯಾಲಿಸ್ನೇರಿಯಾ ಎಂಬ ನೀರುಗಿಡ ನೆಟ್ಟ. ಗಿಡ ಆಮ್ಲಜನಕ ಕೊಟ್ಟಿತು, ಆದರೆ ಕೊಳೆತ ಎಲೆಗಳಿಂದ ನೀರು ರಾಡಿಯಾಯಿತು. ಆತ ಬಸವನಹುಳು ಬಿಟ್ಟ. ಅವು ಕೊಳೆತದ್ದನ್ನೂ ಪಾಚಿಯನ್ನೂ ತಿಂದು ತೊಟ್ಟಿ ತಿಳಿಯಾಯಿತು. 1853ರಲ್ಲಿ ಲಂಡನ್ ಮೃಗಾಲಯ ಸಾರ್ವಜನಿಕ ಮತ್ಸ್ಯಾಗಾರ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್‌ ಬರೆದ ಪುಸ್ತಕದಿಂದ ‘ಅಕ್ವೇರಿಯಂ’ ಮನೆಮಾತಾಯಿತು.

ಹಕ್ಕಿ ಸಾಕಣೆ ಇದಕ್ಕಿಂತ ಬಹಳ ಹಳೆಯದು. ಯುರೋಪಿನಲ್ಲಿ ಮೊದಲು ಕ್ಯಾನರಿಯ ಹಾಡಿಗೆ ಬೆಲೆಯಿತ್ತು. 1840ರಲ್ಲಿ ಜಾನ್ ಗೌಲ್ಡ್ ಆಸ್ಟ್ರೇಲಿಯಾದಿಂದ ಬಜ್ರಿಗರ್ ಎಂಬ ಪುಟ್ಟ ಗಿಳಿಗಳನ್ನು ಇಂಗ್ಲೆಂಡಿಗೆ ಜೀವಂತ ತಂದ. ನಮ್ಮ ಪೇಟೆಗಳಲ್ಲಿ ‘ಲವ್ ಬರ್ಡ್ಸ್’ ಹೆಸರಿನಲ್ಲಿ ಬಿಕರಿಯಾಗುವುದು ಬಹುಪಾಲು ಇವೇ. ಆದರೆ ಭಾರತದ ಕಾಡಿನ ಗಿಳಿಗಳನ್ನು ಹಿಡಿದು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.