ಬೇತಾಳ ಕೇಳಿದ ಪ್ರಶ್ನೆ

ಜಪಾನಿನ ಫುಜಿ ಟೆಲಿವಿಷನ್ 1990ರಲ್ಲಿ ವಿಚಿತ್ರ ಕಥೆಗಳ ಮಾಲಿಕೆಯೊಂದನ್ನು ಆರಂಭಿಸಿತು. ಪ್ರತಿ ಕಥೆಗೂ ನಟರು ಬೇರೆ, ಆದರೆ ಕಥೆ ಹೇಳಲು ಬರುವವನು ತಮೋರಿ ಎಂಬ ಒಬ್ಬನೇ. ಈ ಏರ್ಪಾಡು ನಮಗೇನೂ ಹೊಸದಲ್ಲ. ನಮ್ಮಲ್ಲಿ ಆ ಕೆಲಸವನ್ನು ಬಹು ಹಿಂದಿನಿಂದಲೂ ಬೇತಾಳನೇ ಮಾಡುತ್ತ ಬಂದಿದ್ದಾನೆ. ಮರಾಠಿಯಲ್ಲಿ ಅವನು ವೇತಾಳ. ಆಜರಾದಿಂದ ಆಂಬೋಲಿ ಘಾಟು ಇಳಿದು ವೆಂಗುರ್ಲೆ ಕಡೆಗೆ ಹೋದರೆ ಆರವಲಿಯಲ್ಲಿ ಅವನೇ ವೇತೋಬಾ, ಊರ ಕಾಯುವ ದೇವರು. ರಾತ್ರಿ ಊರು ಸುತ್ತಿ ಅವನ ಚಪ್ಪಲಿ ಸವೆಯುತ್ತವೆಂದು ಭಕ್ತರು ದೊಡ್ಡ ಚರ್ಮದ ಚಪ್ಪಲಿಗಳನ್ನು ಅರ್ಪಿಸುತ್ತಾರೆ.

ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವನು ರಾಣಿ ಸೂರ್ಯವತಿಗಾಗಿ ‘ಕಥಾಸರಿತ್ಸಾಗರ’ ಬರೆದನು. ಬೇತಾಳನ 25 ಕಥೆಗಳು ಅದರಲ್ಲಿವೆ. ಬರೆದವನು ಕಾಶ್ಮೀರದವನಾದರೂ ಕಥೆಯ ರಾಜ ತ್ರಿವಿಕ್ರಮಸೇನನು ಗೋದಾವರಿ ದಂಡೆಯ ಪ್ರತಿಷ್ಠಾನದವನು, ಅಂದರೆ ಇಂದಿನ ಪೈಠಣದವನು. ಮುಂದೆ ಜನರ ಬಾಯಲ್ಲಿ ಅವನೇ ಉಜ್ಜಯಿನಿಯ ವಿಕ್ರಮನಾದನು.

ಒಂದು ಕಥೆ ಹೀಗಿದೆ. ದೇವಿಯ ಗುಡಿಯಲ್ಲಿ ಒಬ್ಬಳ ಗಂಡನೂ ಅಣ್ಣನೂ ತಲೆ ಕಡಿದುಕೊಂಡು ಸತ್ತರು. ದೇವಿ ವರ ಕೊಟ್ಟಳು. ಗಡಿಬಿಡಿಯಲ್ಲಿ ಆಕೆ ತಲೆಗಳನ್ನು ಅದಲುಬದಲು ಜೋಡಿಸಿಬಿಟ್ಟಳು. ಈಗ ಗಂಡ ಯಾರು? ಗಂಡನ ತಲೆ ಇರುವವನೇ, ತಲೆಯೇ ಅಂಗಗಳಲ್ಲಿ ಮುಖ್ಯ ಎಂದನು ರಾಜ. ಬ್ಯಾಂಕಿನಲ್ಲಿ ಕೆಲಸ ಮಾಡಿದ ನನಗೆ ಈ ತೀರ್ಪು ಅಷ್ಟು ಸುಲಭವೆನಿಸದು. ಖಾತೆದಾರ ಯಾರು, ಫೋಟೊದಲ್ಲಿರುವ ಮುಖವೋ, ಸಹಿ ಹಾಕುವ ಕೈಯೋ? ಇದೇ ಕಥೆಯನ್ನು ಜರ್ಮನ್ ಲೇಖಕ ಥಾಮಸ್ ಮಾನ್ 1940ರಲ್ಲಿ ಮತ್ತೆ ಬರೆದರು. ಗಿರೀಶ ಕಾರ್ನಾಡರು 1971ರಲ್ಲಿ ಅದನ್ನು ‘ಹಯವದನ’ ನಾಟಕ ಮಾಡಿದರು. ವಿಜಯಾ ಮೆಹ್ತಾ ಆ ನಾಟಕವನ್ನು ಮರಾಠಿ ರಂಗಕ್ಕೆ ತಂದರು.

ಮಕ್ಕಳಿಗೆ ಬೇತಾಳನನ್ನು ಮುಟ್ಟಿಸಿದ್ದು ‘ಚಂದಮಾಮ’. ಕನ್ನಡದಲ್ಲಿ ಅದು 1949ರಲ್ಲಿ ಬಂತು, ಮರಾಠಿಯಲ್ಲಿ 1952ರಲ್ಲಿ ‘ಚಾಂದೋಬಾ’ ಆಗಿ. ಹೆಗಲ ಮೇಲೆ ಶವ ಹೊತ್ತು ಕತ್ತಿ ಹಿಡಿದು ನಡೆವ ರಾಜನನ್ನು ಅದರಲ್ಲಿ ಬರೆದವರು ಚಿತ್ರಕಾರ ಶಂಕರ್. 1985ರಲ್ಲಿ ರಾಮಾನಂದ ಸಾಗರರು ಇವೇ ಕಥೆಗಳನ್ನು ದೂರದರ್ಶನಕ್ಕೆ ತಂದರು. ವಿಕ್ರಮನಾದ ಅರುಣ್ ಗೋವಿಲ್ 1987ರಲ್ಲಿ ಅದೇ ಸಾಗರರ ರಾಮನಾದರು. ಬೇತಾಳನಾಗಿದ್ದವರು ಸಜ್ಜನ್.

ಇನ್ನು ಬೇತಾಳನ ಶರತ್ತು ನೋಡಿರಿ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ರಾಜನ ತಲೆ ಒಡೆಯುತ್ತದೆ. ಬಾಯಿ ಬಿಟ್ಟರೆ ಬೇತಾಳ ಮತ್ತೆ ಮರಕ್ಕೆ ಹಾರುತ್ತಾನೆ, ಹೊರುವ ಕೆಲಸ ಮೊದಲಿನಿಂದ ಶುರು. ಆದರೂ ರಾಜ ಪ್ರತಿ ಸಲ ಉತ್ತರ ಹೇಳಿದನು. ಕೊನೆಯ ಪ್ರಶ್ನೆಗೆ ಮಾತ್ರ ನಿಜವಾಗಿ ಉತ್ತರ ತಿಳಿಯದೆ ಸುಮ್ಮನಾದನು. ಆ ಮೌನಕ್ಕೆ ಶಿಕ್ಷೆ ಇರಲಿಲ್ಲ. ಬದಲಿಗೆ ಬೇತಾಳನೇ ಮೆಚ್ಚಿ, ಕಪಟ ಸನ್ಯಾಸಿಯಿಂದ ಜೀವ ಉಳಿಸಿಕೊಳ್ಳುವ ಉಪಾಯ ಹೇಳಿಕೊಟ್ಟನು.

ಗಡಿಯಲ್ಲಿರುವ ನಮಗೆ ಇದರಲ್ಲೊಂದು ಮಾತಿದೆ. ಮಕ್ಕಳು ಮರಾಠಿ ಶಾಲೆಗೆ ಹೋಗಲಿ, ಅದೂ ನಮ್ಮ ಮಾತೇ. ಆದರೆ ಅಜ್ಜಿ ಕನ್ನಡದಲ್ಲಿ ಹೇಳಿದ ಕಥೆ ನಮಗೆ ಬರುತ್ತದೆ. ಬಂದೂ ಹೇಳದೆ ಕುಳಿತರೆ ತಲೆ ಒಡೆಯಲಿಕ್ಕಿಲ್ಲ, ಕಥೆ ಮಾತ್ರ ನಮ್ಮೊಂದಿಗೇ ಹೋಗುತ್ತದೆ. ಇಂದು ಊಟವಾದ ಮೇಲೆ ಮೊಮ್ಮಕ್ಕಳಿಗೆ ತಲೆ ಬದಲಾದ ಕಥೆ ಹೇಳಿರಿ. ಗಂಡ ಯಾರೆಂದು ಕೇಳಿರಿ. ಉತ್ತರ ಮರಾಠಿಯಲ್ಲಿ ಬಂದರೂ ಚಿಂತೆಯಿಲ್ಲ.